ಸಂಶಿಯ ಕಣದಲ್ಲಿ ಇಪ್ಪತ್ತೇಳು ತಾಸು

ಡಿಸೆಂಬರ್ ಆರು, ಶುಕ್ರವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ನಮ್ಮೂರು ಬಮ್ಮಿಗಟ್ಟಿಯಲ್ಲಿ ಹುಬ್ಬಳ್ಳಿಯ ಬಸ್ಸು ಹತ್ತಿದೆ. ಆಕಾಶ ತಿಳಿಯಾಗಿತ್ತು, ಚಳಿ ಇತ್ತು, ಗಾಳಿ ಇರಲಿಲ್ಲ. ಬಂಗಾಳ ಕೊಲ್ಲಿಯಲ್ಲಿ ಎದ್ದ ಚಂಡಮಾರುತ ಆ ರಾತ್ರಿಯೇ ಕರಾವಳಿ ದಾಟಿ, ಶನಿವಾರದಿಂದ ನಮ್ಮ ಕಡೆಗೂ ಮಳೆ ತರುತ್ತದೆ ಎಂದು ಮೊಬೈಲು ಹೇಳುತ್ತಿತ್ತು. ಹಿಂದಿನ ಸಂಜೆ ಸಂಶಿಯಿಂದ ಚಿಗವ್ವ, ಅಂದರೆ ನನ್ನ ತಾಯಿಯ ತಂಗಿ, ಫೋನು ಮಾಡಿದ್ದಳು. "ಮೆಣಸಿನಕಾಯಿ ಎಲ್ಲಾ ಕಣದಾಗ ಬಿದ್ದಾವ. ನಿನಗ ಮಳಿ ಲೆಕ್ಕ ಗೊತ್ತೈತಿ, ಬಾ ಬೇ."

ನಾಲ್ಕು ವರ್ಷಗಳಿಂದ ನಮ್ಮ ಮಾಳಿಗೆಯ ಮೇಲೊಂದು ಅಳತೆಯ ಬಾಟಲಿ ಇಟ್ಟು, ಬಿದ್ದ ಮಳೆಯನ್ನು ಬರೆದಿಡುತ್ತಿದ್ದೇನೆ. ನನ್ನ ಮಳೆ ಲೆಕ್ಕವೆಂದರೆ ಇಷ್ಟೇ. ಬಿದ್ದದ್ದನ್ನು ಅಳೆಯುವವಳಿಗೆ ಬೀಳುವುದೂ ಗೊತ್ತಿರುತ್ತದೆ ಎಂದು ಬಳಗದವರು ನಂಬಿದ್ದಾರೆ. ಆ ಬಾಟಲಿ, ನೋಟುಬುಕ್ಕು ಮತ್ತು ಮಳೆಗೆ ಹೊದಿಸುವ ಟಾರ್ಪಾಲಿನ ಎರಡು ತಾಡಪತ್ರಿ ನನ್ನ ಜೊತೆಗಿದ್ದವು. ಹೆಂಗಸಾದ್ದರಿಂದ ನನ್ನದು ಶೂನ್ಯ ಟಿಕೆಟ್. ಕಂಡಕ್ಟರು ತಾಡಪತ್ರಿಯ ಸುರುಳಿ ನೋಡಿ, "ಇದು ಹೆಣ್ಣೋ ಗಂಡೋ ಹೇಳವ್ವಾ, ಟಿಕೆಟ್ ಹರೀತೀನಿ" ಎಂದರು. ಮುಂದಿನ ಸೀಟಿನವರೆಲ್ಲ ನಕ್ಕರು.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ನಿಲ್ದಾಣದ ಬಾಜುವಿನ ಅಂಗಡಿಯಲ್ಲಿ ಒಂದು ಪ್ಲೇಟು ಚುರುಮುರಿಯ ಸೂಸಲ ತಿಂದೆ. ಕುಂದಗೋಳ ದಾಟಿದ ಮೇಲೆ ಕಿಟಕಿಯಿಂದ ಕಣಗಳನ್ನು ಎಣಿಸತೊಡಗಿದೆ. ಸಂಶಿಯವರೆಗೆ ಮೂವತ್ತೊಂದು. ಹತ್ತೊಂಬತ್ತು ಕಣಗಳಲ್ಲಿ ಮೆಣಸಿನಕಾಯಿ ಮುಚ್ಚಿಯಾಗಿತ್ತು. ಎಂಟರಲ್ಲಿ ಜನ ರಾಶಿ ಮಾಡುತ್ತಿದ್ದರು. ನಾಲ್ಕು ಮಾತ್ರ ಕೆಂಪಗೆ ಬಿಸಿಲಿಗೆ ಹರಡಿಕೊಂಡಿದ್ದವು.

ಹತ್ತೂವರೆಗೆ ಸಂಶಿ ಮುಟ್ಟಿದೆ. ಚಿಗವ್ವನ ಕಣ ಮನೆಯ ಹಿಂದೆಯೇ ಇದೆ. ಕಾಯಿ ಬಿಡಿಸಿ ಐದು ದಿನವಾಗಿತ್ತು, ಇನ್ನೂ ಅರ್ಧ ಮಾತ್ರ ಒಣಗಿದ್ದವು. ಚಿಗವ್ವನ ಗಂಡ, ಕಾಕಾ, ಸಲಿಕೆ ಹಿಡಿದು ನಿಂತಿದ್ದರು. "ಬಂದಳ್ರಿ ಮಳಿರಾಯನ ಮಗಳು! ಏನಂತೈತಿ ನಿನ್ನ ಮೊಬೈಲು?"

"ನಾಳೆ ಮುಂಜಾನೆಯಿಂದ ಮಳಿ ಅಂತೈತಿ ಕಾಕಾ."

"ಹಂಗಾರ ಮುಚ್ಚೂಣು."

ಮನೆಯೊಳಗೆ ತಂದು ಹರಡಬಾರದೇ ಎಂದು ಕೇಳಿದೆ. "ಮೆಣಸಿನಕಾಯಿ ಒಳಗ ಬಂದ್ರ ನಾವು ಹೊರಗ ಹೋಗಬೇಕಾಗತೈತಿ" ಎಂದರು ಕಾಕಾ.

ರಾಶಿ ನನ್ನ ಎದೆಯೆತ್ತರಕ್ಕೆ ಬಂತು. ಅಷ್ಟರಲ್ಲಿ ಚಿಗವ್ವ ಒಳಗಿನಿಂದ ಹಳೆಯ ಸೀರೆಯ ಗಂಟೊಂದನ್ನು ತಂದಳು. ಅದು ಬೀಜದ ಕಾಯಿ. ಕಾಯಿ ಬಿಡಿಸುವ ಮೊದಲೇ ಅವಳು ಹೊಲವೆಲ್ಲ ಸುತ್ತಿ, ಚಲೋ ಗಿಡಗಳಿಗೆ ಸೀರೆಯ ಚಿಂದಿ ಕಟ್ಟಿ ಗುರುತು ಮಾಡುತ್ತಾಳೆ. ಆ ಗಿಡಗಳ ಕಾಯಿ ಬೇರೆ. ಮದುವೆಯಾದ ವರ್ಷ ಅತ್ತೆ ಕೈಗಿತ್ತ ತಳಿ ಅದು. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಹೊರಗಿನ ಬೀಜ ತಂದಿಲ್ಲ. ಹಿಂದಿನ ವರ್ಷದ ಬೀಜ ಎಲ್ಲವೂ ಬಿತ್ತನೆಗೆ ಹೋಗಿತ್ತು. ಇದ್ದದ್ದು ಈ ಗಂಟೊಂದೇ. ಎಲ್ಲಿಂದ ನೀರು ನುಗ್ಗಿದರೂ ಮುಟ್ಟದ ಜಾಗವೆಂದು ರಾಶಿಯ ನಟ್ಟನಡುವೆ ಕುಣಿ ಮಾಡಿ ಗಂಟನ್ನು ಹುಗಿದಳು. ಮೇಲೆ ನಾಲ್ಕು ತಾಡಪತ್ರಿ, ಅಂಚಿಗೆ ಇಪ್ಪತ್ತೆರಡು ಕಲ್ಲು. ಮುಚ್ಚಿ ಮುಗಿದಾಗ ಮಧ್ಯಾಹ್ನ ಹನ್ನೆರಡೂವರೆ.

ಓಣಿಯ ಆಚೆಯ ಫಕೀರಪ್ಪಜ್ಜ ತಮ್ಮ ಕಾಯಿಯನ್ನು ಹರಡಿಯೇ ಇಟ್ಟಿದ್ದರು. ಬೇಲಿಯ ಮೇಲಿಂದ ಇಣುಕಿ, "ಯಾಕಲೇ ಬಸಣ್ಣಾ, ಮಳಿನೂ ಇಲ್ಲ, ಚಳಿನೂ ಇಲ್ಲ, ಇಷ್ಟ್ಯಾಕ ಹೊದಿಸೀದಿ? ಜ್ವರ ಬಂದಾವೇನು ಅವಕ್ಕ?" ಎಂದರು.

"ನಿಮ್ಮವು ತೊಯ್ದ ಮ್ಯಾಲೆ ಅವಕ್ಕೂ ಜ್ವರ ಬರತಾವಲ್ಲ, ಆವಾಗ ನಿಮಗೂ ಒಂದು ಕೌದಿ ಕೊಡತೀನಿ ತಗೋರಿ" ಎಂದರು ಕಾಕಾ.

ಶನಿವಾರ ಬೆಳಿಗ್ಗೆ ಎದ್ದು, ಕಣದಲ್ಲಿಟ್ಟ ಬಾಟಲಿ ನೋಡಿದೆ. ಒಣಗಿತ್ತು. ಚಂಡಮಾರುತ ಕರಾವಳಿಯ ಹತ್ತಿರ ನಿಧಾನವಾಗಿದೆಯಂತೆ. ಮೊಬೈಲು ಮಳೆಯನ್ನು ಹನ್ನೊಂದಕ್ಕೆ ಮುಂದೂಡಿತ್ತು. ಹನ್ನೊಂದಕ್ಕೆ ಮೋಡ ಹರಿದು ಬಿಸಿಲು ಬಿತ್ತು. ಕಾಕಾ ಕಲ್ಲು ತೆಗೆಯಲು ಬಗ್ಗಿದರು. "ಎರಡು ತಾಸು ಗಾಳಿಗೆ ಬಿಡೂಣು."

"ಬ್ಯಾಡ ಕಾಕಾ. ಎರಡಕ್ಕ ಜೋರ ಮಳಿ ತೋರಿಸೇತಿ."

ಅವರು ನನ್ನ ಮುಖ ನೋಡಿದರು, ಮೊಬೈಲು ನೋಡಿದರು, ಕಲ್ಲನ್ನು ಇದ್ದಲ್ಲೇ ಬಿಟ್ಟರು. ಎರಡೂ ಹೊಡೆಯಿತು, ಮೂರೂ ಹೊಡೆಯಿತು. ಹನಿ ಬೀಳಲಿಲ್ಲ. ಮೋಡ ಮತ್ತೆ ಕೂಡಿ ಸೆಕೆ ಏರಿತ್ತು. ಮೂರೂವರೆಗೆ ಚಿಗವ್ವ ತಾಡಪತ್ರಿಯ ಅಂಚು ಎತ್ತಿ, ಮೊಳಕೈತನಕ ರಾಶಿಯೊಳಗೆ ಕೈ ತೂರಿಸಿದಳು. ತೂರಿಸಿದವಳೇ ಹಿಂದಕ್ಕೆ ಎಳೆದುಕೊಂಡಳು.

"ಇಲ್ಲಿ ಬರ್ರಿ. ಕಾವು ಕುಂತೈತಿ."

ನಾನೂ ಕೈ ಹಾಕಿದೆ. ಈಗತಾನೇ ಬಡಿದು ಮುಚ್ಚಿಟ್ಟ ರೊಟ್ಟಿಯ ಬುಟ್ಟಿಯೊಳಗೆ ಕೈಯಿಟ್ಟ ಹಾಗಿತ್ತು. ತಾಡಪತ್ರಿಯ ಒಳಮೈಯಲ್ಲಿ ಬೆವರಿನಂತೆ ನೀರು ಮೂಡಿತ್ತು. ಹೊರಗಿನ ನೀರಿಗೆಂದು ಮುಚ್ಚಿದ್ದೆವು; ಅರ್ಧ ಹಸಿ ಕಾಯಿಗಳ ಒಳಗಿನ ನೀರಿಗೆ ಹೊರಬರಲು ದಾರಿ ಇರಲಿಲ್ಲ.

ಕಾಕಾ ಕಲ್ಲುಗಳನ್ನು ಕಾಲಿನಿಂದಲೇ ಒದ್ದು ಸರಿಸಿದರು. ಫಕೀರಪ್ಪಜ್ಜ ಯಾರೂ ಕರೆಯದೆ ಬುಟ್ಟಿ ಹಿಡಿದು ಬಂದರು. ಈ ಸಲ ಜ್ವರದ ಮಾತು ಆಡಲಿಲ್ಲ. "ಕಣದಾಗ ಹರಡಬ್ಯಾಡ್ರಿ, ಈಗ ಖರೇನ ಬರತೈತಿ. ಒಳಗ ಒಯ್ರಿ" ಎಂದರು. ಪಡಸಾಲೆ, ನಡುಮನೆ, ದೇವರ ಕೋಣೆಯ ಹೊಸ್ತಿಲಿನವರೆಗೆ ಎಲ್ಲ ಕಡೆ ಗೋಣಿಚೀಲ ಹಾಸಿ ಹರಡಿದೆವು. ನಾಲ್ವರು ಸೇರಿ ನೂರಾ ಹದಿನಾಲ್ಕು ಬುಟ್ಟಿ. ಅರವತ್ತರ ನಂತರ ಸೀನುಗಳನ್ನು ಎಣಿಸುವುದನ್ನು ಬಿಟ್ಟೆ.

ಗಂಟು ಸಿಕ್ಕಿದ್ದು ಐವತ್ತೊಂದನೆಯ ಬುಟ್ಟಿಯ ಹೊತ್ತಿಗೆ. ಸೀರೆ ತೇವವಾಗಿತ್ತು, ಬಿಚ್ಚಿದರೆ ಹಬೆ. ಚಿಗವ್ವ ಒಂದು ಕಾಯಿ ಮುರಿದು ಬೀಜ ನೋಡಿದಳು, ಮೂಸಿದಳು.

"ಎಷ್ಟ ತಾಸು ಆತು ಮುಚ್ಚಿ? ನಿನ್ನ ಪುಸ್ತಕದಾಗ ಇರಬೇಕಲ್ಲ."

"ಇಪ್ಪತ್ತೇಳು."

ಅವಳು ಬೀಜದ ಕಾಯಿಗಳನ್ನು ಮೊರದಲ್ಲಿ ಹರವಿ ಕಿಟಕಿಯ ಗಾಳಿಗಿಟ್ಟಳು. ಕಾಕಾ ಹೇಳಿದ್ದು ಖರೆಯಾಯಿತು. ನಾವು ಹೊರಗೆ ಬಿದ್ದೆವು. ಸಂಜೆಯ ರೊಟ್ಟಿ, ಪುಂಡಿಪಲ್ಯ, ಮಲಗುವ ಜಾಗ ಎಲ್ಲವೂ ಫಕೀರಪ್ಪಜ್ಜನ ಮನೆಯಲ್ಲಿ. "ಕೌದಿ ಬೇಕೇನಲೇ ಬಸಣ್ಣಾ?" ಎಂದು ಅಜ್ಜ ಕೇಳಿದಾಗ ಚಿಗವ್ವನೂ ನಕ್ಕಳು.

ಮಳೆ ಬಂದದ್ದು ರವಿವಾರ ಬೆಳಿಗ್ಗೆ ಆರು ಹತ್ತಕ್ಕೆ. ಮಧ್ಯಾಹ್ನ ಎರಡು ಗಂಟೆಯವರೆಗೆ ಸುಮ್ಮನೆ ಜಿನುಗಿತು. ಗಾಳಿಗೆ ಓಣಿಯ ಬೇವಿನ ಎಲೆಗಳಷ್ಟೇ ಉದುರಿದವು. ಬಾಟಲಿಯಲ್ಲಿ ಹದಿನಾಲ್ಕು ಮಿಲಿಮೀಟರ್. ಹಿಂದಿನ ಸಂಜೆ ಮುಚ್ಚಿದ್ದ ಅಜ್ಜನ ಕಾಯಿ ಅಂಚಿಗೆ ಒಂದಿಷ್ಟು ತೊಯ್ದವು. ನಮ್ಮ ರಾಶಿಯಲ್ಲಿ ನಡುವಿನವು ಏಳು ಬುಟ್ಟಿಯಷ್ಟು ಕಪ್ಪಾಗಿದ್ದವು, ಉಳಿದವು ನೆಟ್ಟಗಿದ್ದವು. ಬೀಜದ ಸಂಗತಿ ಮಾತ್ರ ಕಣ್ಣಿಗೆ ಕಾಣುವಂಥದಲ್ಲ.

ಸೋಮವಾರ ಒಂಬತ್ತರ ಬಸ್ಸಿಗೆ ಹೊರಟೆ. ಚಿಗವ್ವ ಆ ಗಂಟಿನ ಇಪ್ಪತ್ತು ಬೀಜಗಳನ್ನು ಕಾಗದದಲ್ಲಿ ಮಡಚಿ ಕೊಟ್ಟಳು. "ಮೊಳಕಿ ಬರಿಸಿ ನೋಡು. ನೀನಾದ್ರ ಎಣಿಸಿ ಖರೇ ಹೇಳತೀ." ಬಸ್ಸು ತಿರುಗುವಾಗ ಹಿಂದೆ ನೋಡಿದರೆ, ಕಾಕಾ ತೊಯ್ದ ಕಣದಲ್ಲಿ ಬರಿಗಾಲಲ್ಲಿ ನಡೆದು ಹಸಿ ಎಷ್ಟಿದೆಯೆಂದು ನೋಡುತ್ತಿದ್ದರು.

ಬಮ್ಮಿಗಟ್ಟಿಯಲ್ಲಿ ಒದ್ದೆ ಬಟ್ಟೆಯೊಳಗೆ ಬೀಜ ಇಟ್ಟೆ. ಏಳನೆಯ ದಿನ ಒಂದೂ ಇಲ್ಲ. ಒಂಬತ್ತನೆಯ ದಿನ ಮೂರು. ಹದಿನಾಲ್ಕನೆಯ ದಿನ ಒಂಬತ್ತು, ಆಮೇಲೆ ಹೆಚ್ಚಲಿಲ್ಲ. ಚಿಗವ್ವನಿಗೆ ಫೋನು ಮಾಡಿ, ಇಪ್ಪತ್ತಕ್ಕೆ ಒಂಬತ್ತು ಎಂದೆ. ಕಾಕಾ ಕಲ್ಲು ತೆಗೆಯಲು ಬಗ್ಗಿದಾಗ ನಾನು ತಡೆದದ್ದು ತಪ್ಪಾಯಿತು ಎಂದೂ ಹೇಳಿದೆ.

"ನಡುವ ಹುಗದಾಕಿ ನಾನಽ ಅಲ್ಲೇನಬೇ" ಎಂದಳು. ಆಮೇಲೆ, "ಒಂಬತ್ತು ಅದಾವಲ್ಲ. ಒತ್ತಾಗಿ ಚೆಲ್ಲತೀನಿ ಬಿಡು. ಆ ಒಂಬತ್ತನ್ನ ಒಗೀಬ್ಯಾಡ, ಕುಂಡದಾಗ ಹಚ್ಚು."

ಹಚ್ಚಿದ್ದೇನೆ. ಅರ್ಧ ಒಣಗಿದ ಮೆಣಸಿನಕಾಯಿಯನ್ನು ಎಷ್ಟು ತಾಸು ಮುಚ್ಚಿಟ್ಟರೆ ಬೀಜಕ್ಕೆ ಪೆಟ್ಟಾಗುವುದಿಲ್ಲ ಎಂಬುದು ಓದುಗರಲ್ಲಿ ಯಾರಿಗಾದರೂ ಅನುಭವದಿಂದ ಗೊತ್ತಿದ್ದರೆ ದಯವಿಟ್ಟು ಬರೆಯಿರಿ. ರಾಶಿ ಎಷ್ಟು ಎತ್ತರವಿತ್ತು, ಏನು ಹೊದಿಸಿದ್ದಿರಿ, ಎಷ್ಟು ಹೊತ್ತಿಗೆ ಕೈ ಹಾಕಿ ನೋಡಿದಿರಿ, ಇಷ್ಟು ತಿಳಿಸಿದರೆ ಸಾಕು. ನನ್ನ ನೋಟುಬುಕ್ಕಿನಲ್ಲಿ ಇಪ್ಪತ್ತೇಳು ತಾಸಿನ ಒಂದೇ ಸಾಲು ಇದೆ. ಕಡಿಮೆ ತಾಸಿನ ಲೆಕ್ಕಕ್ಕೆಂದು ಅದರ ಮೇಲಿನ ಸಾಲುಗಳನ್ನು ಖಾಲಿ ಬಿಟ್ಟಿದ್ದೇನೆ.