ಆಯಿಯ ‘ಮ್ಯಾಲಿಂದು’

ಬಿಸಿಲಿಗೆ ಹರವಿದ ಹಳೆಯ ಕೌದಿಯ ವಾಸನೆ ಎಲ್ಲಿಂದಲಾದರೂ ತೇಲಿ ಬಂದರೆ ಸಾಕು, ಚಿಂತಾಕಿಯ ನಮ್ಮ ಮಣ್ಣಿನ ಮನೆಯ ಅಂಗಳ ಕಣ್ಣೆದುರು ಬಂದು ನಿಲ್ಲುತ್ತದೆ. ಅಲ್ಲಿ ನನ್ನ ಆಯಿ, ಅಪ್ಪನ ತಾಯಿ, ಕಾಲು ಚಾಚಿ ಕೂತು ಕೌದಿ ಹೊಲಿಯುತ್ತಿದ್ದಳು. ಒಳಗೆ ಸವೆದ ಧೋತರ, ಸೀರೆಗಳ ಪದರು. ಹೊರಗೆ ಕಾಣುವ ಬಣ್ಣದ ಬಟ್ಟೆಗೆ ಅವಳು ‘ಮ್ಯಾಲಿಂದು’ ಎನ್ನುತ್ತಿದ್ದಳು. ಆ ಮಾತು ಕೌದಿಯಲ್ಲೇ ನಿಲ್ಲುತ್ತಿರಲಿಲ್ಲ. ನನ್ನ ಲಂಗ ಹರಿದರೆ ಮ್ಯಾಲಿಂದು. ಅಕ್ಕನ ಬಣ್ಣ ಕಪ್ಪೆಂದು ಯಾರಾದರೂ ಆಡಿಕೊಂಡರೆ ಅದೂ ಮ್ಯಾಲಿಂದು. ಭಾಲ್ಕಿಯ ಬೀಗರ ಸಿಹಿ ಮಾತಂತೂ ಬರೀ ಮ್ಯಾಲಿಂದು. ಒಂದೇ ಶಬ್ದ ಒಮ್ಮೆ ಸಮಾಧಾನ, ಒಮ್ಮೆ ಬೈಗುಳ. ನಿಮ್ಮ ಮನೆಯಲ್ಲೂ ಇಂಥದೊಂದು ಮಾತು ಇದ್ದಿರಬೇಕು. ಅವ್ವನಿಗೆ ಮಾತ್ರ ಅದು ಚುಚ್ಚುತ್ತಿತ್ತು. ಅವಳು ಗೋಡೆಗೆ ಸುಣ್ಣದಲ್ಲಿ ಬಳ್ಳಿ ಬರೆದರೆ ಆಯಿ ಮ್ಯಾಲಿಂದು ಎಂದು ತಿರುಗಿಯೂ ನೋಡುತ್ತಿರಲಿಲ್ಲ.

ಎರಡು ವರ್ಷ ಮಳೆ ಕೈಕೊಟ್ಟು ಬಾವಿ ಬತ್ತಿತು. ಕಾಕಾ ಕುರಿಗಳನ್ನು ಹೊಡೆದುಕೊಂಡು ಹಸಿರಿದ್ದ ಕಡೆ ಹೋದ. ಅಪ್ಪನಿಗೆ ಬೀದರದಲ್ಲಿ ಕೆಲಸ ಸಿಕ್ಕು, ನಾವೆಲ್ಲ ಅಲ್ಲಿನ ಚಿದ್ರಿಗೆ ಹೊರಡುವ ಬೆಳಗು ಬಂತು. ಗಂಟುಗಳು ಅಂಗಳದಲ್ಲಿದ್ದವು. ಉಳಿದದ್ದು ಒಂದೇ ಕೊಡ ನೀರು, ದಾರಿಗೆಂದು ಅವ್ವ ಇಟ್ಟದ್ದು. ನಾವು ಬಸ್ಸಿನ ಸದ್ದಿಗೆ ಕಿವಿಗೊಟ್ಟು ನಿಂತಿದ್ದಾಗ ಆಯಿ ಅದರಲ್ಲಿ ಅರ್ಧ ನೀರನ್ನು ಸೆಗಣಿಗೆ ಸುರಿದು, ಮೊಣಕಾಲೂರಿ ಪಡಸಾಲೆ ಸಾರಿಸತೊಡಗಿದಳು.

“ಅತ್ತಿ, ಯಾರು ನೋಡೋರು ಅದಾರಂತ ಸಾರಸ್ತೀರಿ? ಇದು ಮ್ಯಾಲಿಂದಲ್ಲೇನ್ರಿ?” ಅವ್ವನ ದನಿಯಲ್ಲಿ ವರ್ಷಗಳ ಸಿಟ್ಟಿತ್ತು.

ಆಯಿ ತಲೆ ಎತ್ತಲಿಲ್ಲ. “ಮ್ಯಾಲಿಂದೇ ಅದವ್ವ. ಒಳಗಿಂದು ನಮ್ಮ ಸಂಗಟನೇ ಬರ್ತದ. ಇದು ಬರಂಗಿಲ್ಲಲ್ಲ.”

ಅವ್ವ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂತಳು. ಬಸ್ಸು ಬಂದು ಹೋಯಿತು, ಇಬ್ಬರೂ ಏಳಲಿಲ್ಲ. ನಾಲ್ಕು ಕೈಗಳು ಒಂದೇ ಲಯದಲ್ಲಿ ಕಮಾನು ಕಮಾನಾಗಿ ಹೊಸ್ತಿಲ ತನಕ ಸರಿದು ಬಂದದ್ದು, ಆ ಹಸಿ ನೆಲದ ಮೇಲೆ ಬಿಸಿಲು ತೂಕಡಿಸಿದಂತೆ ಬಿದ್ದದ್ದು, ಈಗಲೂ ಅರೆನಿದ್ದೆಯಲ್ಲಿ ಕಾಣುತ್ತದೆ. ನಾವು ಮಧ್ಯಾಹ್ನದ ಬಸ್ಸಿಗೆ ಹೋದೆವು.

ಚಿದ್ರಿಯ ಬಾಡಿಗೆ ಕೋಣೆಯ ನೆಲ ಸಿಮೆಂಟಿನದು. ಆಯಿ ಅದನ್ನು ಅಂಗೈಯಿಂದ ಸವರುತ್ತಿದ್ದಳು. ಊರಲ್ಲಿ ಮಳೆ ಚೆನ್ನಾಗಿ ಬಿದ್ದ ವರ್ಷವೇ ತೀರಿಕೊಂಡಳು. ಹೆಣ ಎತ್ತಲು ಹೊತ್ತಾಯಿತೆಂದು ನೆರೆಯವರು ಅವಸರ ಮಾಡಿದರು. ಅವ್ವ ಮಾತ್ರ ಆಯಿಯ ಬಿಳಿಕೂದಲಿಗೆ ಎಣ್ಣೆ ಹಚ್ಚಿ, ನೋವಾದೀತೆಂಬಂತೆ ಒಂದೊಂದೇ ಸಿಕ್ಕು ಬಿಡಿಸುತ್ತ, ನಿಧಾನವಾಗಿ ಬಾಚುತ್ತಲೇ ಇದ್ದಳು.