ಅಪ್ಪನನ್ನು ನಗಿಸುವ ಪುಟ

ನನ್ನ ತಮ್ಮನ ಹೆಂಡತಿಗೆ ಚಿತ್ರಕಥೆ ಬರೆಯಲು ಕಲಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಈಗ ಇದು ಯಾರಿಗೂ ನೆನಪಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ರಾಯಚೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುತ್ತಿದ್ದೆ. ಹೂಕುಂಡ, ಸೂರ್ಯೋದಯ ಬಿಡಿಸಿ ಬಿಡಿಸಿ ಹುಡುಗಿಯರಿಗೂ ನನಗೂ ಬೇಸರ ಬಂದಾಗ, ಚೌಕಗಳನ್ನು ಎಳೆದು ಅವುಗಳೊಳಗೆ ಮಾತನಾಡುವ ಮನುಷ್ಯರನ್ನು ಕೂರಿಸುವ ಚಿತ್ರಕಥೆ ಶುರುಮಾಡಿದೆ. ಹೇಳಿಕೊಡುವವರು ಯಾರೂ ಇರಲಿಲ್ಲ. ಹಾಳೆ ಕೆಡಿಸಿ ಕೆಡಿಸಿ ಕೆಲವು ನಿಯಮಗಳನ್ನು ನಾನೇ ಕಂಡುಕೊಂಡೆ. ಮೊದಲು ಮಾತು ಬರೆಯಬೇಕು, ಆಮೇಲೆ ಅದರ ಸುತ್ತ ಗುಳ್ಳೆ ಎಳೆಯಬೇಕು. ಗುಳ್ಳೆ ಮೊದಲು ಎಳೆದರೆ ಕೊನೆಯ ಅಕ್ಷರಗಳು ಸಂತೆಯ ದಿನದ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದವರಂತೆ ಆಗುತ್ತವೆ. ಗುಳ್ಳೆಯ ಬಾಲ ಮಾತನಾಡುವವನ ಬಾಯಿಯ ಕಡೆಗೇ ತಿರುಗಿರಬೇಕು. ಪ್ರಶ್ನೆ ಎಡಕ್ಕೆ, ಉತ್ತರ ಬಲಕ್ಕೆ. ಈ ಕೊನೆಯ ನಿಯಮದ ಬಗ್ಗೆ ನನಗೆ ಭಾರಿ ಜಂಬವಿತ್ತು.

ಬೇಸಿಗೆ ರಜೆಗೆ ದೇವದುರ್ಗದ ತವರಿಗೆ ಹೋದಾಗ ಒಂದು ಪುಟವನ್ನು ಅಪ್ಪನಿಗೆ ತೋರಿಸಲು ಒಯ್ದೆ. ಅಪ್ಪ ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಓದಿ ಕಚೇರಿ ಸೇರಿದವರು. ಕನ್ನಡ ಓದುವುದನ್ನು ಕಲಿತದ್ದು ಮೀಸೆ ಬಂದ ಮೇಲೆ. ಗೆಳೆಯರ ನಡುವೆ ಕೂತರೆ ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ನಾನು ಬಿಡಿಸಿದ ಯಾವುದಕ್ಕೂ ಆ ನಗು ಸಿಕ್ಕಿರಲಿಲ್ಲ. ನನಗೆ ಅದು ಬೇಕಿತ್ತು. ಮದುವೆಯಾಗಿ ಮಕ್ಕಳಾದ ಹೆಂಗಸಿಗೆ ಅಪ್ಪನ ನಗು ಯಾಕೆ ಎಂದು ಕೇಳಬೇಡಿ, ಬೇಕಿತ್ತು ಅಷ್ಟೆ.

ಪುಟದಲ್ಲಿ ಅಕ್ಕಪಕ್ಕ ಎರಡು ಚೌಕ. ಎಡಗಡೆಯದರಲ್ಲಿ, ಮಾತಾಡಿದರೆ ಎದುರಿನವರ ಮುಖಕ್ಕೆ ಉಗುಳು ಸಿಡಿಸುವ ಒಬ್ಬ ಕೇಳುತ್ತಾನೆ: "ಮಳಿ ಇಲ್ಲ, ಮೋಡ ಇಲ್ಲ, ಕೊಡಿ ಯಾಕ ತಂದೀರಿ?" ಬಲಗಡೆಯದರಲ್ಲಿ ಅವನ ಗೆಳೆಯ ಕೊಡೆ ಬಿಚ್ಚಿ ಅಡ್ಡ ಹಿಡಿದು, "ನೀವು ಮಾತಾಡ್ತೀರಂತ ತಂದೀನ್ರಿ" ಎನ್ನುತ್ತಾನೆ.

ಅಪ್ಪ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಛಲೋ ತಗದೀಯವ್ವಾ. ಕೊಡಿ ಖರೇನ ಕೊಡಿ ಇದ್ದಂಗ ಅದ" ಎಂದರು.

ಪಕ್ಕದಲ್ಲೇ ನನ್ನ ತಮ್ಮನ ಹೆಂಡತಿ ಕೂತಿದ್ದಳು. ಮಾನ್ವಿಯ ಅಕ್ಕಿ ಗಿರಣಿಯವರ ಮಗಳು, ನಾಚಿಕೆ ಎಂಬುದು ಹತ್ತಿರ ಸುಳಿಯದ ಹೆಣ್ಣು. "ಅಕ್ಕಾರ, ನನಗೂ ಈ ಪುಗ್ಗ ತಗಿಯೋದು ಕಲಸ್ರಿ" ಎಂದು ಗಂಟುಬಿದ್ದಳು. ನನ್ನ ಗುಳ್ಳೆಗಳು ಆಕೆಯ ಬಾಯಲ್ಲಿ ಜಾತ್ರೆಯಲ್ಲಿ ಊದಿ ಮಾರುವ ಪುಗ್ಗಗಳಾದವು. ಕಲಿಸಿದೆ. ಆಕೆ ಬರೆದದ್ದು ತವರಿನ ಗಿರಣಿಯ ತೂಕದ ಚೀಟಿಗಳ ಹಿಂದೆ. ಚೀಟಿಗಳು ಅಂಗೈಯಷ್ಟೇ ಅಗಲ, ಆದರೆ ಉದ್ದ. ಹೀಗಾಗಿ ಚೌಕಗಳೆಲ್ಲ ಒಂದರ ಕೆಳಗೊಂದು ಇಳಿದವು.

"ಇದೇನು ಪುಟಾನೋ ಏಣೀನೋ?" ಎಂದೆ.

"ಹಾಳಿ ಇದ್ದದ್ದ ಇಷ್ಟರಿ, ನಾ ಏನ ಮಾಡ್ಲಿ?" ಎಂದಳು.

ಆಕೆಯ ಕಥೆಯಲ್ಲಿ ಕಂಡಕ್ಟರ್ ಆಡಿನ ಮರಿಗೂ ಟಿಕೀಟು ತಗೋ ಎಂದು ಹಟ ಹಿಡಿಯುತ್ತಾನೆ. ಮರಿಯ ಒಡೆಯ ಟಿಕೀಟು ಕೊಂಡು, ಮರಿಯನ್ನು ಕಂಡಕ್ಟರನ ಸೀಟಿನಲ್ಲೇ ಕೂರಿಸುತ್ತಾನೆ. ಅಪ್ಪ ಓದಿದರು. ತೊಡೆ ತಟ್ಟಿಕೊಂಡರು. ಕೆಮ್ಮು ಬರುವ ತನಕ ನಕ್ಕರು.

ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಮರಿ ನಾಯಿಯಂತಿತ್ತು, ಕಂಡಕ್ಟರನಿಗೆ ಕುತ್ತಿಗೆಯೇ ಇರಲಿಲ್ಲ. "ಛಲೋ ಆಗ್ಯದ" ಎಂದು ಹಲ್ಲು ಕಚ್ಚಿಕೊಂಡು ಹೇಳಿ ಒಳಗೆ ಹೋದೆ. ದಸರೆಗೆ ಮತ್ತೆ ಬಂದಾಗ ಅಪ್ಪನ ಅಂಗಿಯ ಜೇಬು ಆಕೆಯ ಚೀಟಿಗಳಿಂದ ಉಬ್ಬಿತ್ತು. ಮನೆಗೆ ಬಂದವರಿಗೆಲ್ಲ ತೆಗೆದು ತೋರಿಸುತ್ತಿದ್ದರು. ನನ್ನ ಕೊಡೆಯ ಹಾಳೆ ಗೋಡೆಯ ಗೂಡಿನಲ್ಲಿ ಮಡಚಿ ಬಿದ್ದಿತ್ತು.

ತಡೆಯಲಾಗಲಿಲ್ಲ. ಅದನ್ನು ಬಿಚ್ಚಿ ಅಪ್ಪನ ಮುಂದೆ ಹಿಡಿದು, "ಯಪ್ಪಾ, ಜೋರಾಗಿ ಓದು" ಎಂದೆ. ಅಪ್ಪನ ಬೆರಳು ಸೀದಾ ಬಲಗಡೆಯ ಚೌಕಕ್ಕೆ ಹೋಯಿತು. "ನೀವು ಮಾತಾಡ್ತೀರಂತ ತಂದೀನ್ರಿ." ಆಮೇಲೆ ಎಡಕ್ಕೆ ಸರಿಯಿತು. "ಮಳಿ ಇಲ್ಲ, ಮೋಡ ಇಲ್ಲ, ಕೊಡಿ ಯಾಕ ತಂದೀರಿ?" ಓದಿ ಮುಗಿಸಿ ನನ್ನ ಮುಖ ನೋಡಿದರು. "ಇವ ಕೇಳಿದ್ದಕ್ಕ ಜವಾಬ ಎಲ್ಲದವ್ವಾ?"

ಅಕ್ಷರಗಳನ್ನು ಅಪ್ಪ ಎಡದಿಂದಲೇ ಓದುತ್ತಿದ್ದರು. ಆದರೆ ಚಿತ್ರದ ಪುಟ ಎದುರಿಗೆ ಬಂದರೆ ಕಣ್ಣು ಉರ್ದು ಶಾಲೆಯ ಅಭ್ಯಾಸದಂತೆ ಬಲದಿಂದ ಹೊರಡುತ್ತಿತ್ತು. ಆಕೆಯ ಚೀಟಿಯಲ್ಲಿ ಎಡವೂ ಇಲ್ಲ, ಬಲವೂ ಇಲ್ಲ, ಮೇಲಿಂದ ಕೆಳಗೆ ಇಳಿದರಾಯಿತು. ಇದು ಆಕೆಗೆ ಗೊತ್ತಿತ್ತೇ? ಮಣ್ಣು ಗೊತ್ತಿತ್ತು. ಕಾಗದ ಸಣ್ಣದಿತ್ತು, ಅಷ್ಟೆ. ಜಾಣತನವಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಬರೀ ಅದೃಷ್ಟ ಎಂದು ತಿಳಿದ ಮೇಲೆ ಇನ್ನಷ್ಟು ಮೈ ಉರಿಯಿತು.

ನಾನೂ ಚೌಕಗಳನ್ನು ಕೆಳಗೆ ಕೆಳಗೆ ಇಳಿಸಬಹುದಿತ್ತು. ಆದರೆ ಅದು ಆಕೆಯ ಏಣಿ, ನಾನು ಯಾಕೆ ಹತ್ತಲಿ? ರಾಯಚೂರಿಗೆ ಮರಳಿ ಇಡೀ ಪುಟವನ್ನು ತಿರುವಿ ಬರೆದೆ. ಪ್ರಶ್ನೆ ಬಲಕ್ಕೆ, ಉತ್ತರ ಎಡಕ್ಕೆ. ಶಾಲೆಯ ಹುಡುಗಿಯರು ನೋಡಿ, "ಟೀಚರ್, ಉಲ್ಟಾ ಆಗ್ಯದ್ರಿ" ಎಂದರು. "ಇದು ನಿಮಗಲ್ಲ" ಎಂದೆ.

ಸಂಕ್ರಾಂತಿಗೆ ಆ ಪುಟ ಅಪ್ಪನ ಕೈಗೆ ಕೊಟ್ಟು ಎದುರಿಗೇ ನಿಂತೆ. ಬೆರಳು ಬಲಕ್ಕೆ ಹೋಯಿತು, ತುಟಿ ಅಲುಗಿತು. ಬೆರಳು ಎಡಕ್ಕೆ ಬಂತು. ಅಪ್ಪ ತೊಡೆ ತಟ್ಟಿಕೊಂಡು ನಗತೊಡಗಿದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನನ್ನ ಕಣ್ಣೂ ಒದ್ದೆಯಾಯಿತು.

ಆಮೇಲೆ ಅಪ್ಪ ಅಡುಗೆಮನೆಯ ಕಡೆ ತಿರುಗಿ ಸೊಸೆಯನ್ನು ಕೂಗಿದರು. "ಏ ಯವ್ವಾ, ಇಲ್ಲಿ ಬಾ! ನಿನ್ನ ನೋಡಿ ನೋಡಿ ನನ್ನ ಮಗಳೂ ಕಲತಾಳ ನೋಡು!"

ಆಕೆ ರೊಟ್ಟಿಯ ಹಿಟ್ಟು ಒರೆಸಿಕೊಳ್ಳುತ್ತ ಬಂದು ಹಾಳೆ ತೆಗೆದುಕೊಂಡಳು. ಎಲ್ಲರಂತೆ ಎಡದಿಂದ ಓದಿದಳು. ನಗಲಿಲ್ಲ. ಹಾಳೆಯನ್ನು ನನ್ನ ಕೈಗೆ ಮರಳಿಸಿ, ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು:

"ಛಲೋ ಅದರಿ ಅಕ್ಕಾರ. ಇನ್ನಷ್ಟ ತಗೀರಿ, ಬರತದ."