ಕೋಳಿಯ ತಲೆ, ಯಂಕಮ್ಮನ ಹತ್ತಿ

ಬೋರು ಕೊರೆಯುವ ಲಾರಿಯ ಜೊತೆ ಊರೂರು ಅಲೆದು, ಅದರ ಗದ್ದಲಕ್ಕೆ 1990ರ ಸುಮಾರಿಗೆ ನನ್ನ ಕಿವಿ ಅರ್ಧ ಹೋಗಿತ್ತು. ಲಿಂಗಸುಗೂರಿನ ಶಿಬಿರದಲ್ಲಿ ಡಾಕ್ಟರೊಬ್ಬರು ನೋಡಿ, ಕಿವಿಯೊಳಗಿನ ಸಣ್ಣ ರೋಮಗಳು ಸತ್ತಿವೆ ಎಂದರು.

"ಕೋಳಿಗೆ ಅವು ಮತ್ತ ಹುಟ್ತಾವಂತ ಈಗ ಗೊತ್ತಾಗೈತಿ. ಮನುಷ್ಯಾಗೂ ಹುಟ್ಟಸಾಕ ಪರದೇಶದಾಗ ಸಂಶೋಧನೆ ನಡದೈತಿ. ಅಲ್ಲೀತನಕ ಉಳದದ್ದು ಕಾಯ್ಕೋ."

ಆ ವಾರವೇ ಗುರುಗುಂಟಾದ ಹೊಲವೊಂದರಲ್ಲಿ ಕೊರೆದ ಬೋರಿಗೆ ನೀರು ಬಿತ್ತು. ನೀರು ಬಿದ್ದರೆ ಹೊಲದವರು ನಮಗೆ ಕೋಳಿ ಕೊಯ್ಯುವುದು ವಾಡಿಕೆ. ಅದರ ತಲೆ ನಮ್ಮ ಮೇಸ್ತ್ರಿ ಖಾಜಾ ಭಾಯಿಯ ಪಾಲು. ಉಣ್ಣುತ್ತ ಡಾಕ್ಟರ ಮಾತು ಹೇಳಿದೆ. ಬಡಿಸುತ್ತಿದ್ದ ಮನೆಯ ಮುದುಕಿ ಯಂಕಮ್ಮ ಆ ತಲೆಯನ್ನು ತೆಗೆದು ನನ್ನ ತಾಟಿಗೆ ಹಾಕಿದಳು.

"ತಿಂದ್ರ ಕಿವಿ ಬರಾಂಗಿಲ್ಲ ಯವ್ವಾ, ಇನ್ನಾ ಸಂಶೋಧನೆ ನಡದೈತಿ."

"ಅದು ನಡೀಲಿ, ನೀ ತಿನ್ನು."

"ತಿನ್ನೋ, ನಾ ಕರದ್ರ ಒಂದ್ಸಲಕ್ಕರ ಓ ಅನ್ನು," ಎಂದು ಖಾಜಾ ಭಾಯಿ ನಕ್ಕ.

ಹೊರಡುವಾಗ ಆಕೆ ತನ್ನ ಹೊಲದ ಹತ್ತಿಯನ್ನು ಬಿಗಿಯಾಗಿ ಉಂಡೆ ಮಾಡಿ ನನ್ನ ಎರಡೂ ಕಿವಿಗೆ ತುರುಕಿದಳು. "ಮಷೀನ್ ನಡ್ಯಾಕತ್ತಾಗ ತೆಗೀಬ್ಯಾಡ."

ಪರದೇಶದ ಮದ್ದು ಇನ್ನೂ ಬಂದಿಲ್ಲ. ಉಳಿದಷ್ಟು ಕಿವಿ ಆ ಹತ್ತಿಯಿಂದಲೇ ಉಳಿಯಿತು. ಬೆಳಗಿನ ಕೋಳಿ ಕೂಗು ಈಗಲೂ ಕೇಳುತ್ತದೆ. ಖಾಜಾ ಭಾಯಿ ಮಾತ್ರ, ಅದು ತಾನು ಬಿಟ್ಟುಕೊಟ್ಟ ತಲೆಯಿಂದ ಎನ್ನುತ್ತಾನೆ.